ಏಡನ್‌ಗೆ ಅಕ್ಕಿ ಕಳಿಸಿದ ಊರು

ಮೆಸ್‌ನಲ್ಲಿ ಕುಚ್ಚಲಕ್ಕಿ ಅನ್ನ ಬಡಿಸಿದ ದಿನ ನಮಗೆ ಊರಿನವರಿಗೆ ಖುಷಿ, ಬೆಂಗಳೂರಿನವರ ಮುಖ ಸಪ್ಪೆ. ಕೆಂಪಕ್ಕಿ ಮೇಲೋ ಬಿಳಿಯಕ್ಕಿ ಮೇಲೋ ಎಂಬ ಈ ಚರ್ಚೆ ಹೊಸತಲ್ಲ ಮಾರಾಯ್ರೆ. ಕಣ್ಣೂರಿನ ಪೋರ್ಚುಗೀಸ್ ಕೋಠಿಯಲ್ಲಿ ಗುಮಾಸ್ತನಾಗಿದ್ದ ದುವಾರ್ತೆ ಬಾರ್ಬೋಸಾ 1516ರ ಸುಮಾರಿಗೆ ಬರೆಯುವಾಗ, ಮಂಗಳೂರಿನ ಕಂದು ಅಕ್ಕಿ ಬಿಳಿಯದಕ್ಕಿಂತ ಆರೋಗ್ಯಕ್ಕೆ ಒಳ್ಳೆಯದು, ಅಗ್ಗವೂ ಹೌದು ಎಂದಿದ್ದಾನೆ. ಆ ಅಕ್ಕಿ ಮಲಬಾರಿಗೆ ಹೋಗುತ್ತಿತ್ತು. ಅರಬ್ಬರ ಹಡಗುಗಳಲ್ಲಿ ಏಡನ್‌ಗೂ ಅಕ್ಕಿ ಹೋಗುತ್ತಿತ್ತು. ಮುಂದೆ ಮಂಗಳೂರು ಮತ್ತು ಕುಂದಾಪುರ ಹತ್ತಿರದ ಬಸ್ರೂರಿನ ಅಕ್ಕಿಯೇ ಗೋವಾ, ಹೋರ್ಮುಜ್, ಮಸ್ಕತ್‌ಗಳ ಹೊಟ್ಟೆ ತುಂಬಿಸಿತು. ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದ್ದು ಬರೀ ಕಾಳುಮೆಣಸಿಗಾಗಿ ಅಲ್ಲ.

ಇಷ್ಟು ಸಣ್ಣ ಕರಾವಳಿಗೆ ಅದು ಹೇಗೆ ಸಾಧ್ಯವಾಯ್ತು? ಗದ್ದೆಯಲ್ಲೇ ಮೂರು ಬಗೆ ಉಂಟಲ್ಲ: ಬೆಟ್ಟು ಗದ್ದೆಗೆ ಒಂದು ಬೆಳೆ, ಮಜಲಿಗೆ ಎರಡು, ತಗ್ಗಿನ ಬೈಲಿಗೆ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು. ಏಣೆಲು ಕೊಯ್ಲು ಮುಗಿಯುವ ಹೊತ್ತಿಗೆ ಮಳೆಗಾಲ ಕಳೆದು ಸಮುದ್ರವೂ ಶಾಂತ. ಬೆಳೆ ಸಿದ್ಧ, ಹಡಗೂ ಸಿದ್ಧ. ನದಿಯಲ್ಲಿ ದೋಣಿ ಬಿಟ್ಟರೆ ನೇರ ಬಂದರು. ಪ್ಯಾಕಿಂಗ್ ಕೂಡ ಗದ್ದೆಯದ್ದೇ, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿ. ಒಂದು ಮುಡಿಗೆ 42 ಸೇರು. ಸ್ಟ್ಯಾಂಡರ್ಡೈಸೇಶನ್ ಅಂದ್ರೆ ಇದೇ ಅಲ್ವಾ!

ಈಗಿನ ಲೆಕ್ಕ ಹಾಕುವ. ದಕ್ಷಿಣ ಕನ್ನಡದಲ್ಲಿ ಮಳೆಗಾಲದ ಭತ್ತ ಸುಮಾರು 10,000 ಹೆಕ್ಟೇರ್. ಹೆಕ್ಟೇರಿಗೆ 4 ಟನ್ ಅಂತ ಹಿಡಿದರೆ 40,000 ಟನ್ ಭತ್ತ. ಮಿಲ್ ಮಾಡಿದಾಗ ಮೂರನೇ ಎರಡು ಪಾಲು ಅಕ್ಕಿ. 2011ರ ಜನಗಣತಿಯ 20.9 ಲಕ್ಷ ಜನರಿಗೆ ಹಂಚಿದರೆ ತಲೆಗೆ ಸುಮಾರು 13 ಕೆಜಿ. ತಿಂಗಳಿಗೆ 7 ಕೆಜಿ ಉಂಡರೆ ಎರಡು ತಿಂಗಳೂ ಬರುವುದಿಲ್ಲ.

ಅಂದು ಮಲಬಾರಿನವರು ಮೆಣಸು ಬೆಳೆದು ನಮ್ಮಿಂದ ಅಕ್ಕಿ ಕೊಳ್ಳುತ್ತಿದ್ದರು. ಇಂದು ಅಡಿಕೆ ಬೆಳೆದು ಅಕ್ಕಿ ಕೊಳ್ಳುವವರು ನಾವು. ನನ್ನ ಅಜ್ಜನ ಬೈಲಿನಲ್ಲೂ ಈಗ ಅಡಿಕೆಯೇ. ನೇಜಿ ನೆಡಲು ಜನ ಇಲ್ಲ, ಇದ್ದರೂ ಕೂಲಿ ಕೊಟ್ಟರೆ ಗಿಟ್ಟುವುದಿಲ್ಲ. ಅವರು ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ಹೆಚ್ಚು ದುಡ್ಡು ಬರುವುದನ್ನು ಬೆಳೆದು ಉಳಿದದ್ದನ್ನು ಕೊಳ್ಳುವುದು ವ್ಯಾಪಾರದ ಸಹಜ ದಾರಿ.

ಆದರೆ ಆ ದಾರಿಗೆ ಗೇಟು ಉಂಟು, ಅದರ ಬೀಗದ ಕೈ ಮಾರುವವನ ಹತ್ತಿರ. ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು ಶೇ 40 ಪಾಲು ಭಾರತದ್ದು. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು, ಆಗಸ್ಟ್‌ನಲ್ಲಿ ಕುಚ್ಚಲಕ್ಕಿಗೆ ಶೇ 20 ಸುಂಕ ಹಾಕಿತು. ಅಮೆರಿಕದ ಇಂಡಿಯನ್ ಅಂಗಡಿಗಳಲ್ಲಿ ಜನ ಮೂಟೆಗಟ್ಟಲೆ ಅಕ್ಕಿ ಹೊತ್ತೊಯ್ದರು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ನಮ್ಮ ಅಕ್ಕಿ ದೇಶದೊಳಗಿಂದಲೇ ಬರುವ ಕಾರಣ ನಮಗೆ ಅಷ್ಟು ಬಿಸಿ ತಟ್ಟಲಿಲ್ಲ, ಅಷ್ಟೆ.

ಬಯಲುಸೀಮೆಯ ದೊಡ್ಡ ಗದ್ದೆಗೆ ಮಾಡಿದ ಕಟಾವು ಯಂತ್ರ ನಮ್ಮ ಬೈಲಿಗೆ ಇಳಿದರೆ ಹೂತುಹೋಗುತ್ತದೆ, ತಿರುಗಲೂ ಜಾಗ ಸಾಲುವುದಿಲ್ಲ. ಮೊಣಕಾಲು ಕೆಸರು, ಹತ್ತು ಹೆಜ್ಜೆಗೊಂದು ಬದು, ಗದ್ದೆಯಿಂದ ಗದ್ದೆಗೆ ಎರಡಡಿ ಇಳಿಜಾರು. ಇದಕ್ಕೆ ತಕ್ಕ ಹಗುರ ಯಂತ್ರ ಬೇಕು. ಮೆಕ್ಯಾನಿಕಲ್‌ನವರು ಫೈನಲ್ ಇಯರ್ ಪ್ರಾಜೆಕ್ಟ್ ಹುಡುಕ್ತಾ ಇದ್ದರೆ ಹೇಳಿ. ಅಜ್ಜನ ತೋಟದ ಪಕ್ಕದ ಗದ್ದೆ ಇನ್ನೂ ಹಡಿಲು ಬಿದ್ದಿದೆ, ಟೆಸ್ಟಿಂಗ್‌ಗೆ ಆಗ್ತದೆ.