ಸ್ಕ್ಯಾನ್ ವರದಿ ನಿಮ್ಮದು, ಒಪ್ಪಿಗೆಯೂ ನಿಮ್ಮದೇ

"ಬಲ ಅಂಡಾಶಯದಲ್ಲಿ 38 × 34 ಮಿ.ಮೀ. ಅಳತೆಯ ಸಿಂಪಲ್ ಸಿಸ್ಟ್. ಸೆಪ್ಟೇಶನ್ ಇಲ್ಲ. ಸಾಲಿಡ್ ಕಾಂಪೊನೆಂಟ್ ಇಲ್ಲ. ಪಿಒಡಿಯಲ್ಲಿ ನೀರಿಲ್ಲ. ಸಜೆಸ್ಟೆಡ್ ಕ್ಲಿನಿಕಲ್ ಕೋರಿಲೇಶನ್." ಬೆಂಗಳೂರಿನ ಯಲಹಂಕ ನ್ಯೂಟೌನಿನಲ್ಲಾಗಲಿ ಆರ್.ಟಿ. ನಗರದಲ್ಲಾಗಲಿ, ಸ್ಕ್ಯಾನಿಂಗ್ ಸೆಂಟರ್‌ನಿಂದ ಹೊರಬರುವ ಹೆಣ್ಣುಮಕ್ಕಳ ಕೈಯಲ್ಲಿ ಇಂಥ ಹಾಳೆ ಅಪರೂಪವೇನಲ್ಲ. ಇಂಗ್ಲಿಷಿನ ಆ ಸಾಲುಗಳಲ್ಲಿ ಕಣ್ಣಿಗೆ ಬೀಳುವುದು 'ಸಿಸ್ಟ್' ಒಂದೇ. ಮನೆಗೆ ಬರುವಷ್ಟರಲ್ಲಿ ಅದು ಗೆಡ್ಡೆಯಾಗಿರುತ್ತದೆ, ಸಂಜೆಯೊಳಗೆ "ಸುಮ್ಮನೆ ಯಾಕೆ, ತೆಗೆಸಿಬಿಡಿ" ಎನ್ನುವವರೂ ಸಿಕ್ಕಿರುತ್ತಾರೆ.

ಈ ಗಾಬರಿಯ ಹೊತ್ತಿನಲ್ಲಿ ನೆನಪಿಡಬೇಕಾದ ಸಂಗತಿ ಒಂದಿದೆ. ಸ್ಕ್ಯಾನ್ ವರದಿ ಎಂದರೆ ಮಾಹಿತಿ, ಅಷ್ಟೇ. ಅದು ಯಾರಿಗೂ ನಿಮ್ಮ ದೇಹದ ಮೇಲೆ ಕತ್ತರಿ ಆಡಿಸಲು ಅನುಮತಿ ಕೊಡುವುದಿಲ್ಲ. ವರದಿಗೂ ಆಪರೇಷನ್ ಥಿಯೇಟರಿಗೂ ನಡುವೆ ಕಾನೂನು ನಿಮಗೊಂದಿಷ್ಟು ಜಾಗ ಬಿಟ್ಟಿದೆ. ಅದನ್ನು ಬಳಸಿಕೊಳ್ಳಬೇಕಾದವರು ನೀವು.

ಮೊದಲು ವರದಿಯನ್ನೇ ಓದೋಣ. 'ಸೆಪ್ಟೇಶನ್' ಎಂದರೆ ಸಿಸ್ಟಿನೊಳಗಿನ ಅಡ್ಡಗೋಡೆ, 'ಪಿಒಡಿ' ಎಂದರೆ ಗರ್ಭಕೋಶದ ಹಿಂದಿನ ಜಾಗ. ಮುಟ್ಟು ನಿಲ್ಲದ ಹೆಂಗಸಿನ ಅಂಡಾಶಯದಲ್ಲಿ ತಿಂಗಳು ತಿಂಗಳೂ ಅಂಡವಿರುವ ನೀರಿನ ಕೋಶವೊಂದು ಬೆಳೆಯುತ್ತದೆ, ಒಡೆಯುತ್ತದೆ. ಮೂರು ಸೆಂ.ಮೀ.ವರೆಗಿನ ಇಂಥ ಕೋಶ ಸಹಜ ಕ್ರಿಯೆಯ ಭಾಗ. 'ಸಿಂಪಲ್' ಅಥವಾ 'ಅನೆಕೋಯಿಕ್' ಎಂದಿದ್ದರೆ ಒಳಗೆ ಬರೀ ತಿಳಿನೀರಿದೆ, ಗೋಡೆ ತೆಳುವಾಗಿದೆ ಎಂದರ್ಥ. ಇವುಗಳಲ್ಲಿ ಬಹಳಷ್ಟು ಎರಡು ಮೂರು ಋತುಚಕ್ರದೊಳಗೆ ತಾವಾಗಿಯೇ ಕರಗುತ್ತವೆ. ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜಿನ ಮಾರ್ಗಸೂಚಿಯಂತೆ, ಮುಟ್ಟು ನಿಲ್ಲದವರಲ್ಲಿ ಐದು ಸೆಂ.ಮೀ. ಒಳಗಿನ ಸರಳ ಸಿಸ್ಟಿಗೆ ಸಾಮಾನ್ಯವಾಗಿ ಮರುಸ್ಕ್ಯಾನ್ ಕೂಡ ಬೇಕಿಲ್ಲ. ಐದರಿಂದ ಏಳು ಸೆಂ.ಮೀ. ಇದ್ದರೆ ವರ್ಷಕ್ಕೊಮ್ಮೆ ಸ್ಕ್ಯಾನ್. ಏಳು ದಾಟಿದರೆ ಎಂಆರ್‌ಐಯಂಥ ಹೆಚ್ಚಿನ ಪರೀಕ್ಷೆ ಅಥವಾ ಶಸ್ತ್ರಚಿಕಿತ್ಸೆಯ ಯೋಚನೆ. ಮುಟ್ಟು ನಿಂತವರ ಲೆಕ್ಕ ಬೇರೆ. ಅವರಲ್ಲಿ ಸಣ್ಣ ಸಿಸ್ಟನ್ನೂ ಸಿಎ-125 ರಕ್ತಪರೀಕ್ಷೆಯ ಜೊತೆಗಿಟ್ಟು ನೋಡುತ್ತಾರೆ.

'ಹೆಮರೇಜಿಕ್' ಎಂದರೆ ಕೋಶದೊಳಗೆ ರಕ್ತ ಸೇರಿದೆ, 'ಎಂಡೋಮೆಟ್ರಿಯೋಮ' ಎಂದರೆ ಹಳೆಯ ಮುಟ್ಟಿನ ರಕ್ತ ತುಂಬಿದ ಚೀಲ. ನಿಜವಾಗಿ ಗಮನ ಕೊಡಬೇಕಾದದ್ದು ಒಳಗೆ ಘನ ಭಾಗ, ಚಿಗುರಿನಂಥ 'ಪ್ಯಾಪಿಲರಿ ಪ್ರೊಜೆಕ್ಷನ್', ಅದರಲ್ಲಿ ರಕ್ತದ ಹರಿವು, ಹೊಟ್ಟೆಯಲ್ಲಿ ನೀರು ಇವೆಯೇ ಎಂಬುದರ ಕಡೆಗೆ. ಕೆಲವು ವರದಿಗಳಲ್ಲಿ 'ಒ-ರಾಡ್ಸ್' ಎಂಬ ಅಂಕಿ ಇರುತ್ತದೆ. ಅಲ್ಲಿ 2 ಎಂದರೆ ಕ್ಯಾನ್ಸರಿನ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ, 5 ಎಂದರೆ ಐವತ್ತು ಅಥವಾ ಹೆಚ್ಚು. ಇನ್ನು 'ಪಾಲಿಸಿಸ್ಟಿಕ್ ಓವರೀಸ್' ಎಂಬ ಸಾಲು ನೋಡಿ ಹೆದರುವ ಹುಡುಗಿಯರಿಗೆ: ಅದು ಬೆಳೆಯದೆ ನಿಂತ ಸಣ್ಣ ಸಣ್ಣ ಅಂಡಕೋಶಗಳ ವಿವರಣೆ, ಕತ್ತರಿಸಿ ತೆಗೆಯುವ ಗೆಡ್ಡೆಯಲ್ಲ.

ಇಷ್ಟು ತಿಳಿದ ಮಾತ್ರಕ್ಕೆ ನೀವೇ ರೋಗ ನಿರ್ಣಯ ಮಾಡಬೇಕಿಲ್ಲ. ವೈದ್ಯರ ಮುಂದೆ ಸರಿಯಾದ ಪ್ರಶ್ನೆ ಕೇಳಲು ಇಷ್ಟು ಸಾಕು: ಯಾವ ಬಗೆಯ ಸಿಸ್ಟ್, ಎಷ್ಟು ದೊಡ್ಡದು, ಕಾದು ನೋಡಿದರೆ ಏನಾಗಬಹುದು?

ಹಕ್ಕುಗಳು ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲೇ ಶುರುವಾಗುತ್ತವೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿಯಾಗದ ಕೇಂದ್ರ ಇಂಥ ಸ್ಕ್ಯಾನ್ ಮಾಡುವಂತಿಲ್ಲ, ನೋಂದಣಿ ಪತ್ರ ಎದುರಿಗೇ ತೂಗುಹಾಕಿರಬೇಕು. ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಫಲಕ ಕನ್ನಡದಲ್ಲೂ ಇರಬೇಕು. ಈ ಕಾಯ್ದೆಯ 'ಫಾರಂ ಎಫ್' ಗರ್ಭಿಣಿಯರಿಗಾಗಿ ಇರುವಂಥದ್ದು. ಸಿಸ್ಟಿನ ತಪಾಸಣೆಗೆ ಹೋದ, ಗರ್ಭಿಣಿಯಲ್ಲದ ಹೆಣ್ಣುಮಗಳ ಮುಂದೆ ಖಾಲಿ ಫಾರಂ ಇಟ್ಟು ಸಹಿ ಕೇಳಿದರೆ "ಇದು ಯಾವುದಕ್ಕೆ?" ಎಂದು ಕೇಳಿ, ತುಂಬದ ಕಾಗದಕ್ಕೆ ಸಹಿ ಹಾಕಬೇಡಿ. ಇಂಥ ಕಡೆಯೇ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಎಂದು ವೈದ್ಯರು ಪಟ್ಟು ಹಿಡಿಯುವಂತಿಲ್ಲ. ಹಾಗೆ ಕಳಿಸಿ ಕಮಿಷನ್ ಪಡೆಯುವುದು ವೈದ್ಯಕೀಯ ನಡತೆ ನಿಯಮದ ಉಲ್ಲಂಘನೆ.

ಟಿವಿಎಸ್, ಅಂದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬಗ್ಗೆ ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳಲು ಹಿಂಜರಿಯುತ್ತಾರೆ. ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂದು ಮೊದಲು ಹೇಳಬೇಕು, ನೀವು ಒಪ್ಪಬೇಕು. ಬೇಡ ಎನ್ನಬಹುದು. ಮದುವೆಯಾಗದವರಿಗೆ ಸಾಮಾನ್ಯವಾಗಿ ಮೂತ್ರಕೋಶ ತುಂಬಿಸಿಕೊಂಡು ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡುತ್ತಾರೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ಪುರುಷ ವೈದ್ಯರು ಪರೀಕ್ಷಿಸುವಾಗ ಕೋಣೆಯಲ್ಲಿ ಇನ್ನೊಬ್ಬ ಮಹಿಳೆ ಇರಬೇಕು ಎನ್ನುತ್ತದೆ. ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕೂ ಅದೇ ಸನ್ನದಿನಲ್ಲಿದೆ. "ಬೇರೆ ಡಾಕ್ಟರಿಗೆ ತೋರಿಸಿದರೆ ಇವರು ಬೇಜಾರಾಗ್ತಾರೆ" ಎಂಬ ಸಂಕೋಚ ಬೇಡ.

ಎರಡನೆಯ ಅಭಿಪ್ರಾಯಕ್ಕೆ ಕಾಗದ ಬೇಕು. 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಡತೆ ನಿಯಮದ ಪ್ರಕಾರ, ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು, ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. 2023ರಲ್ಲಿ ಹೊಸ ನಿಯಮ ಬಂತಾದರೂ ಕೆಲವೇ ವಾರಗಳಲ್ಲಿ ಅದನ್ನು ತಡೆಹಿಡಿದು ಹಳೆಯದನ್ನೇ ಮತ್ತೆ ಜಾರಿಗೆ ತಂದರು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ, ಹಾಗಾಗಿ ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆಯಿರಿ: "ಇಂಥ ದಿನಾಂಕದಂದು ತಮ್ಮಲ್ಲಿ ನನಗೆ ಮಾಡಿದ ಸ್ಕ್ಯಾನಿನ ವರದಿ, ಚಿತ್ರಗಳು, ಸಲಹಾ ಚೀಟಿ ಮತ್ತು ಬಿಲ್ಲಿನ ಪ್ರತಿಗಳನ್ನು 2002ರ ವೈದ್ಯಕೀಯ ನಡತೆ ನಿಯಮ 1.3.2ರಂತೆ 72 ಗಂಟೆಯೊಳಗೆ ಕೊಡಬೇಕೆಂದು ಕೋರುತ್ತೇನೆ." ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಯಲಹಂಕದ ಸಾರ್ವಜನಿಕ ಆಸ್ಪತ್ರೆ, ಮಲ್ಲೇಶ್ವರದ ಕೆ.ಸಿ. ಜನರಲ್‌ನಂಥ ಸರ್ಕಾರಿ ಆಸ್ಪತ್ರೆಯಾದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯ ದಾರಿಯೂ ಇದೆ, ಉತ್ತರಕ್ಕೆ 30 ದಿನ ಗಡುವು.

ಅನೇಕ ವರದಿಗಳ ಕೆಳಗೆ ಸಣ್ಣಕ್ಷರದಲ್ಲಿ "ನಾಟ್ ಫಾರ್ ಮೆಡಿಕೊ-ಲೀಗಲ್ ಪರ್ಪಸ್" ಎಂದು ಅಚ್ಚಾಗಿರುತ್ತದೆ. ಇದನ್ನು ಓದಿ "ಹಾಗಾದರೆ ಇದು ಕೋರ್ಟಿನಲ್ಲಿ ನಡೆಯೋದಿಲ್ಲ" ಎಂದು ಕೈಬಿಡುವವರಿದ್ದಾರೆ. ಆ ಸಾಲು ಅಚ್ಚಾದ ಮಾತ್ರಕ್ಕೆ ಜಾಗರೂಕತೆಯಿಂದ ಕೆಲಸ ಮಾಡುವ ಹೊಣೆ ಕೇಂದ್ರದ ತಲೆಯಿಂದ ಇಳಿಯುವುದಿಲ್ಲ, ಗ್ರಾಹಕ ಆಯೋಗಕ್ಕೆ ವರದಿಯನ್ನು ದಾಖಲೆಯಾಗಿ ಸಲ್ಲಿಸಲು ನಿಮಗೆ ತಡೆಯೂ ಇಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಒಪ್ಪಿಗೆಯ ವಿಚಾರ. 1995ರಲ್ಲಿ ದೆಹಲಿಯಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ನಿಲ್ಲದ ಮುಟ್ಟಿನ ತೊಂದರೆಗೆ ವೈದ್ಯರ ಬಳಿ ಹೋದರು. ಅಲ್ಟ್ರಾಸೌಂಡ್ ಆಯಿತು. ರೋಗ ಖಚಿತಪಡಿಸಿಕೊಳ್ಳಲು ಲ್ಯಾಪರೊಸ್ಕೋಪಿ ಮಾಡಬೇಕೆಂದು ಅರಿವಳಿಕೆ ಕೊಟ್ಟರು. ಆಕೆ ಪ್ರಜ್ಞೆ ತಪ್ಪಿ ಮಲಗಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ರಾಷ್ಟ್ರೀಯ ಗ್ರಾಹಕ ಆಯೋಗ ಆಕೆಯ ದೂರನ್ನು ವಜಾ ಮಾಡಿತು. ಆಕೆ ಸುಪ್ರೀಂ ಕೋರ್ಟಿಗೆ ಹೋದರು. 2008ರ ಜನವರಿ 16ರಂದು ಬಂದ ಸಮೀರಾ ಕೊಹ್ಲಿ ಪ್ರಕರಣದ ತೀರ್ಪು ಇಂದಿಗೂ ಈ ವಿಷಯದ ಅಡಿಗಲ್ಲು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಪ್ರಾಣಕ್ಕೆ ಅಪಾಯವಿಲ್ಲದಾಗ, ವಯಸ್ಕಳ ಪರವಾಗಿ ತಾಯಿಯೂ ಒಪ್ಪುವಂತಿಲ್ಲ. ಏನು ಮಾಡುತ್ತೇವೆ, ಏಕೆ, ಬೇರೆ ದಾರಿ ಏನಿದೆ, ಅಪಾಯ ಏನು, ಬೇಡವೆಂದರೆ ಏನಾಗಬಹುದು ಎಂಬುದನ್ನೆಲ್ಲ ವೈದ್ಯರು ತಿಳಿಸಬೇಕು. ವೈದ್ಯರಿಗೆ ಶುಲ್ಕ ಸಲ್ಲುವುದಿಲ್ಲವೆಂದ ನ್ಯಾಯಾಲಯ, ಪರಿಹಾರವೆಂದು ಕೊಡಿಸಿದ್ದು 25,000 ರೂಪಾಯಿ. ಕಳೆದುಕೊಂಡದ್ದಕ್ಕೆ ಆ ಮೊತ್ತ ಏನೇನೂ ಅಲ್ಲ ಎಂದು ನನಗನ್ನಿಸುತ್ತದೆ. ಆದರೆ ಆ ಹೆಣ್ಣುಮಗಳ ಹಟದಿಂದ ದೇಶದ ಎಲ್ಲ ಹೆಂಗಸರಿಗೂ ಒಂದು ಕಾನೂನು ಸಿಕ್ಕಿತು.

ಗಂಡ, ಅತ್ತೆ, ಅಣ್ಣ ಯಾರೇ ಇರಲಿ, 18 ತುಂಬಿದ ಹೆಣ್ಣಿನ ಬದಲು ಸಹಿ ಹಾಕಲು ಅವರಿಗೆ ಅಧಿಕಾರವಿಲ್ಲ. ಆಸ್ಪತ್ರೆಯ ಕನ್ಸೆಂಟ್ ಫಾರಂ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ವಿವರಿಸಲು ಹೇಳಿ. 'ಸಿಸ್ಟೆಕ್ಟಮಿ' ಎಂದರೆ ಸಿಸ್ಟನ್ನಷ್ಟೇ ತೆಗೆಯುವುದು, 'ಊಫರೆಕ್ಟಮಿ' ಎಂದರೆ ಅಂಡಾಶಯವನ್ನೇ ತೆಗೆಯುವುದು, 'ಹಿಸ್ಟರೆಕ್ಟಮಿ' ಎಂದರೆ ಗರ್ಭಕೋಶ ತೆಗೆಯುವುದು. ಯಾವುದಕ್ಕೆ ಒಪ್ಪಿದ್ದೀರೋ ಅದರ ಹೆಸರು ಮಾತ್ರ ಫಾರಂನಲ್ಲಿರಲಿ. "ಅಗತ್ಯಬಿದ್ದರೆ ಏನು ಬೇಕಾದರೂ" ಎಂಬ ಸಾಲಿದ್ದರೆ ಅದನ್ನು ಹೊಡೆದುಹಾಕಿ ಚರ್ಚಿಸಿ.

ಇದು ದೆಹಲಿಯಂಥ ದೂರದ ಊರಿನ ಮಾತಷ್ಟೇ ಅಲ್ಲ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಆರೋಪ 2015ರಲ್ಲಿ ರಾಜ್ಯವನ್ನೇ ಕಲಕಿತು, ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದಾಯಿತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಹೆಣ್ಣುಮಕ್ಕಳು ಇಂಥದೇ ಅನ್ಯಾಯಕ್ಕೆ ಪರಿಹಾರ ಕೇಳಿ ಬೀದಿಗಿಳಿದರು. ಹೊಟ್ಟೆನೋವು ಎಂದು ಹೋದವರಿಗೆ ಕ್ಯಾನ್ಸರಿನ ಭಯ ತೋರಿಸುವುದೇ ಇಂಥ ಕಡೆ ದಾರಿ. ಬಿಹಾರ, ರಾಜಸ್ಥಾನ, ಛತ್ತೀಸ್‌ಗಢಗಳಿಂದಲೂ ಇದೇ ದೂರು ಬಂದ ಮೇಲೆ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಅನಗತ್ಯ ಹಿಸ್ಟರೆಕ್ಟಮಿ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಿ ಎಂದು ರಾಜ್ಯಗಳಿಗೆ ಆದೇಶಿಸಿತು.

ಕಾಯಬಾರದ ಸಂದರ್ಭವೂ ಒಂದುಂಟು. ಸಿಸ್ಟ್ ಇರುವವರಿಗೆ ಹಠಾತ್ತನೆ ಒಂದು ಬದಿಯಲ್ಲಿ ತಡೆಯಲಾರದ ನೋವು, ವಾಂತಿ, ತಲೆಸುತ್ತು ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು ಅಥವಾ ಸಿಸ್ಟ್ ಒಡೆದು ರಕ್ತಸ್ರಾವವಾಗುತ್ತಿರಬಹುದು. ಆಗ ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡಬೇಕು, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಹಳೆಯ ಡಾಕ್ಟರನ್ನೇ ಹುಡುಕಿಕೊಂಡು ಹೋಗಬಾರದು. ತುರ್ತು ರೋಗಿಗೆ ಮೊದಲು ಚಿಕಿತ್ಸೆ, ಉಳಿದದ್ದು ಆಮೇಲೆ ಎಂಬುದನ್ನು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ.

ದುಡ್ಡಿನ ವಿಚಾರದಲ್ಲಿ ಒಂದು ಎಚ್ಚರ. ಬಹುತೇಕ ಆರೋಗ್ಯ ವಿಮೆಗಳಲ್ಲಿ ಸಿಸ್ಟ್, ಫೈಬ್ರಾಯ್ಡ್‌ಗಳಿಗೆ ಎರಡು ವರ್ಷದ ಕಾಯುವ ಅವಧಿ ಇರುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾರೋ ಅಂದಾಜಿನಲ್ಲಿ "ಎರಡು ವರ್ಷದಿಂದ ನೋವು" ಎಂದು ಬರೆದರೆ ಕ್ಲೇಮು ತಿರಸ್ಕಾರವಾಗಲು ಅಷ್ಟೇ ಸಾಕು. ಮನೆಗೆ ಹೊರಡುವ ಮುಂಚೆಯೇ ಓದಿ, ತಪ್ಪಿದ್ದರೆ ತಿದ್ದಿಸಿ. ತಿರಸ್ಕಾರವಾದರೆ ಮೊದಲು ಕಂಪನಿಗೆ ಲಿಖಿತ ದೂರು, ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ, ಅಲ್ಲಿ ಶುಲ್ಕವಿಲ್ಲ. ಯಶವಂತಪುರ, ಪೀಣ್ಯ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇಎಸ್‌ಐ ಇದೆ. ಅರ್ಹತೆಯಿದ್ದರೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70ರಷ್ಟು ಸಿಗುತ್ತದೆ. ಇಎಸ್‌ಐ ಆಸ್ಪತ್ರೆಯ ನಿರ್ಲಕ್ಷ್ಯದ ವಿರುದ್ಧವೂ ಗ್ರಾಹಕ ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ.

ಏನಾದರೂ ಎಡವಟ್ಟಾದರೆ ಎಲ್ಲಿಗೆ ಹೋಗುವುದು? ದರಪಟ್ಟಿ ಹಾಕಿಲ್ಲ, ದಾಖಲೆ ಕೊಡುತ್ತಿಲ್ಲ ಎಂಬಂಥ ದೂರಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಸ್ಕ್ಯಾನಿಂಗ್ ಸೆಂಟರುಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ವೈದ್ಯರ ನಡತೆಯ ಬಗ್ಗೆ ಬಸವನಗುಡಿಯ ಕರ್ನಾಟಕ ವೈದ್ಯಕೀಯ ಪರಿಷತ್ತು. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ನೀವು ವಾಸಿಸುವ ಕಡೆಯ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಆಸ್ಪತ್ರೆಗೆ ಕಟ್ಟಿದ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಒಂದು ಮಾತು ನೇರವಾಗಿ ಹೇಳಬೇಕು: ವರದಿ ತಪ್ಪಾದ ಮಾತ್ರಕ್ಕೆ ನಿರ್ಲಕ್ಷ್ಯ ಆಗುವುದಿಲ್ಲ. ಅಲ್ಟ್ರಾಸೌಂಡಿಗೂ ಮಿತಿಗಳಿವೆ. ಸಾಮಾನ್ಯ ಜಾಗರೂಕತೆಯ ವೈದ್ಯರು ಮಾಡದಂಥ ತಪ್ಪು ಎಂದು ತೋರಿಸಬೇಕಾಗುತ್ತದೆ, ಅದಕ್ಕೆ ಇನ್ನೊಬ್ಬ ತಜ್ಞರ ಲಿಖಿತ ಅಭಿಪ್ರಾಯ ಬಹಳ ನೆರವಾಗುತ್ತದೆ. ಒಪ್ಪಿಗೆಯಿಲ್ಲದೆ ಅಂಗ ತೆಗೆದ ಪ್ರಕರಣ ಹಾಗಲ್ಲ. ಆಪರೇಷನ್ ಎಷ್ಟೇ ಚೆನ್ನಾಗಿ ಆಗಿದ್ದರೂ ಅದು ತಪ್ಪೇ.

ವಕೀಲರಿಗೆ ದುಡ್ಡಿಲ್ಲ ಎಂದು ಹಿಂದೆ ಸರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ, ಅಥವಾ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ. ಹೋಗುವಾಗ ಸ್ಕ್ಯಾನ್ ವರದಿ, ಚಿತ್ರಗಳು, ಕನ್ಸೆಂಟ್ ಫಾರಂನ ಪ್ರತಿ, ಡಿಸ್ಚಾರ್ಜ್ ಸಮ್ಮರಿ, ತೆಗೆದ ಭಾಗದ ಬಯಾಪ್ಸಿ ವರದಿ, ಬಿಲ್ಲುಗಳು ಮತ್ತು ನೀವು ಬರೆದುಕೊಟ್ಟ ಪತ್ರದ ಸೀಲಾದ ಪ್ರತಿ, ಇಷ್ಟನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಒಯ್ಯಿರಿ. ಮೂಲ ಪ್ರತಿಗಳನ್ನು ಯಾರಿಗೂ ಕೊಡಬೇಡಿ, ಜೆರಾಕ್ಸ್ ಕೊಡಿ.