ಅಜ್ಜಿಯ ಸತ್ಯವೇದ ಹೊಳೆಗೆ ಬೇಡ

ಅಕ್ಕಾ, ನಿಮ್ಮಣ್ಣ ಹೇಳಿದರೆಂದು ಅಜ್ಜಿಯ ಹಳೆಯ ಸತ್ಯವೇದವನ್ನು ಮಲಪ್ರಭೆಗೆ ಬಿಡಬೇಡಿ. ಹಾಗೆ ಮಾಡಬೇಕೆಂಬ ಕಟ್ಟಳೆ ನಿಮ್ಮ ಸಭೆಯಲ್ಲಿಲ್ಲ.

ಮಾರಿದರೆ ಹೆಚ್ಚು ದುಡ್ಡೇನೂ ಬರುವುದಿಲ್ಲ. ಅದು ಅಚ್ಚಾದದ್ದು ಮಂಗಳೂರಿನಲ್ಲಿ 1841ರಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ; ಅಲ್ಲಿನ ಪುಸ್ತಕಗಳು ಹಲವು ಕಡೆ ಉಳಿದಿವೆ. ಅಜ್ಜಿ ಖಾಲಿ ಹಾಳೆಯಲ್ಲಿ ಬರೆದಿಟ್ಟ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವಿನ ತಾರೀಖುಗಳು ಮಾತ್ರ ನಿಮ್ಮ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಹೀಗೆ ಒಟ್ಟಾಗಿ ಇರಲಾರವು. ಮೊದಲು ಅವುಗಳ ಫೋಟೋ ತೆಗೆಯಿರಿ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ನರಗುಂದದ ನಿಮ್ಮ ಅತ್ತೆಯ ಪಕ್ಕ ಕೂತು ಪ್ರತಿ ಹೆಸರೂ ಯಾರದೆಂದು ಕೇಳಿ ಬರೆದುಕೊಳ್ಳಿ. ಇದಕ್ಕೆ ತಡಮಾಡಬೇಡಿ. ತಾರೀಖುಗಳನ್ನು ಖಚಿತಪಡಿಸಿಕೊಳ್ಳಲು ಬೆಟಗೇರಿ ಸಭೆಯೂ ಇದೆ; ಅಲ್ಲಿ ಬಾಸೆಲ್ ಮಿಷನ್ ಕೆಲಸ ಶುರುವಾದದ್ದೂ 1841ರಲ್ಲೇ. ಅಲ್ಲಿನ ಸಭಾಪಾಲಕರನ್ನು ಕೇಳಿದರೆ ಅವನ್ನು ಹಳೆಯ ದೀಕ್ಷಾಸ್ನಾನದ ದಾಖಲೆಯೊಂದಿಗೆ ತಾಳೆ ನೋಡಬಹುದು.

ಹರಿದ ಹಾಳೆಗೆ ಸೆಲೋಟೇಪ್ ಹಚ್ಚಬೇಡಿ; ಅದರ ಅಂಟು ಕಂದುಗಟ್ಟಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮರದ ತಿರುಳಿನ ಹಳೆಯ ಕಾಗದದಲ್ಲಿ ಆಮ್ಲವಿರುತ್ತದೆ, ಅದಕ್ಕೇ ಮುಟ್ಟಿದರೆ ಪುಡಿಯಾಗುತ್ತದೆ. ಬಿಸಿಲಿಗೂ ಒಡ್ಡಬೇಡಿ. ಗಂಜಿ ಹಾಕದ, ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಕಪಾಟಿನಲ್ಲಿ ಮಲಗಿಸಿಡಿ.

ಮನೆಯಲ್ಲಿ ಜೋಪಾನ ಮಾಡುವವರು ಯಾರೂ ಇಲ್ಲವೆಂದರೆ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದವರನ್ನು ಕೇಳಿ. ಮನೆಯಲ್ಲೇ ಇಡುವುದಾದರೆ ಅಣ್ಣತಮ್ಮಂದಿರಿಗೆ ಫೋಟೋ ಪ್ರತಿ ಕೊಡಿ. ಮೂಲವನ್ನು ಹಿರಿಯರಿಗೇ ಕೊಡಬೇಕೆಂದೇನಿಲ್ಲ, ಕಾಪಾಡುವವರಿಗೆ ಕೊಡಿ. ನಿಮ್ಮ ಪತ್ರ ಓದಿದರೆ ಅಂಥವರು ನೀವೇ ಅನ್ನಿಸುತ್ತದೆ.