ಗೋಡೆಗೆ ಸುಣ್ಣ ಬೀಳುವ ಮುನ್ನ

ಕಾಲೇಜು ಆವರಣಗಳಲ್ಲಿ ಕಾಣುವ ಕಲೆ ಎರಡು ಬಗೆಯದು. ಒಂದು, ಉಳಿಯಲಿ ಎಂದೇ ಮಾಡಿದ್ದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಕರ್ನಾಟಕದಲ್ಲಿ ಇದಕ್ಕೆ ದೊಡ್ಡ ಉದಾಹರಣೆ. ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಶೇನಿ 1899ರಿಂದ 1901ರ ನಡುವೆ ಅದರ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು; 1990ರ ದಶಕದಲ್ಲಿ ಪರಂಪರೆಯ ಸಂರಕ್ಷಣೆಗಿರುವ ಇಂಟ್ಯಾಕ್ ಸಂಸ್ಥೆ ಆ ಚಿತ್ರಗಳನ್ನು ದುರಸ್ತಿ ಮಾಡಿತು. ಮೈಸೂರಿನ ಕಾವಾ ಕಲಾಶಾಲೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆಯಂತೂ ಕಲೆಗೆ ತನ್ನದೇ ಗೋಡೆ, ತನ್ನದೇ ಕಾವಲು ಇರುತ್ತದೆ. ಇನ್ನೊಂದು ಬಗೆ, ಉಳಿದೀತೆಂದು ಮಾಡಿದವರೇ ಎಣಿಸದ್ದು. ಶಿಕ್ಷಕರ ದಿನಕ್ಕೆ ಬಣ್ಣದ ಚಾಕ್‌ಪೀಸಿನಲ್ಲಿ ಕರಿಹಲಗೆಯ ಮೇಲೆ ಮೂಡಿದ ರಾಧಾಕೃಷ್ಣನ್, ನವೆಂಬರ್ 1ರ ಭುವನೇಶ್ವರಿ, ಆಯುಧಪೂಜೆಗೆ ಲ್ಯಾಬಿನ ಬಾಗಿಲಲ್ಲಿ ಬಿಡಿಸಿದ ರಂಗೋಲಿ, ಭಿತ್ತಿಪತ್ರಿಕೆಯ ತಲೆಬರಹ, ಎನ್ನೆಸ್ಸೆಸ್ ಹುಡುಗರು ಕಾಂಪೌಂಡಿನ ಮೇಲೆ ಬರೆದ ರಕ್ತದಾನದ ಚಿತ್ರ, ಕೊನೆಯ ವರ್ಷದವರು ಮೆಟ್ಟಿಲ ಪಕ್ಕ ಒತ್ತಿಹೋದ ಅಂಗೈ ಗುರುತು. ಸಾಮಾನ್ಯ ಪದವಿ ಕಾಲೇಜಿನಲ್ಲಿ ಸಿಗುವುದು ಹೆಚ್ಚಾಗಿ ಇದೇ. ಇದಕ್ಕೆ ಕಾವಲಿಲ್ಲ, ಪಟ್ಟಿಯಿಲ್ಲ, ಎಷ್ಟೋ ಸಲ ಸಹಿಯೂ ಇಲ್ಲ.

ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಂಥ ಊರಿನಲ್ಲಿ ಈ ಎರಡನೆಯ ಬಗೆಗೆ ಬೇರೆಯೇ ತೂಕವಿದೆ. ಇಲ್ಲಿಯ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿಗಳೆಲ್ಲ ಮುಚ್ಚಿದವು. ಆ ಆಳದಲ್ಲಿ ನಡೆದ ಒಂದು ಸಂಗತಿ ಮಾತ್ರ ಇಂದಿಗೂ ಕರಾರುವಾಕ್ಕಾಗಿ ಗೊತ್ತಿದೆ. 1965ರಲ್ಲಿ, ನೆಲದಿಂದ 2.3 ಕಿ.ಮೀ. ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಹಿಡಿದರು. ಆಳ ಎಷ್ಟು, ಉಪಕರಣ ಯಾವುದು, ಯಾರು ನೋಡಿದರು ಎಂಬುದನ್ನೆಲ್ಲ ಅದೇ ವರ್ಷ ಬರೆದು ಅಚ್ಚು ಹಾಕಿಸಿದ್ದರಿಂದ ಅದು ಉಳಿದಿದೆ. ಅದೇ ಕಾಲದಲ್ಲಿ ಗಣಿ ಲೈನುಗಳ ಗೋಡೆಯ ಮೇಲೆ, ಶಾಲೆಯ ಹಜಾರದಲ್ಲಿ ಯಾರು ಏನು ಬಿಡಿಸಿದರು ಎಂದು ಕೇಳಿದರೆ ವಯಸ್ಸಾದವರ ನೆನಪನ್ನೇ ನೆಚ್ಚಬೇಕು.

ಈ ಸುತ್ತಿನ ಪದವಿ ಕಾಲೇಜೊಂದರಲ್ಲಿ ಆವರಣದ ಕಲೆಯನ್ನೆಲ್ಲ ಒಂದು ಆನ್‌ಲೈನ್ ಗ್ಯಾಲರಿಗೆ ತರಲು ಹೊರಟ ವಿದ್ಯಾರ್ಥಿಗಳ ಗುಂಪಿನಲ್ಲಿ ಈ ಲೇಖಕನೂ ಇದ್ದ. ಗುಂಪಿನ ಮೊದಲ ತಪ್ಪು, ವೆಬ್‌ಸೈಟಿನಿಂದ ಕೆಲಸ ಶುರುಮಾಡಿದ್ದು. ಬಿಸಿಎ ವಿದ್ಯಾರ್ಥಿಗಳಿಗೆ ಅದು ಬರುತ್ತಿತ್ತು; ಬರುವ ಕೆಲಸ ಯಾವಾಗಲೂ ಮೊದಲು ಕಾಣುತ್ತದೆ. ಮುಖಪುಟಕ್ಕೆ ಯಾವ ಬಣ್ಣ, ಚಿತ್ರಗಳು ತಾವಾಗಿ ಸರಿಯಬೇಕೋ ಬೇಡವೋ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಅಷ್ಟರಲ್ಲಿ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ದಿನ ಗೊತ್ತಾಯಿತು. ನ್ಯಾಕ್ ಬರುತ್ತದೆಂದರೆ ಯಾವ ಕಾಲೇಜಿನಲ್ಲಾದರೂ ಗೋಡೆಗಳಿಗೆ ಬಣ್ಣ ಬೀಳುತ್ತದೆ. ಸೈಕಲ್ ಸ್ಟ್ಯಾಂಡಿನ ಎದುರಿದ್ದ ದೊಡ್ಡ ಗೋಡೆಚಿತ್ರ, ಶಾಫ್ಟಿನ ಗೋಪುರ, ಅದರ ಹಿಂದೆ ಗಣಿ ತ್ಯಾಜ್ಯದ ಸೈನೈಡ್ ಗುಡ್ಡ, ಮುಂದೆ ಹೆಲ್ಮೆಟ್ಟಿನ ದೀಪ ಹೊತ್ತ ಮೂವರು, ಒಂದು ಭಾನುವಾರ ಕೆನೆಬಣ್ಣದಡಿ ಹೋಯಿತು. ಯಾರದೂ ದ್ವೇಷವಲ್ಲ, ಬಣ್ಣದವನಿಗೆ ಗುತ್ತಿಗೆಯಾಗಿತ್ತು ಅಷ್ಟೆ. ಹುಡುಕಿದಾಗ ಸಿಕ್ಕಿದ್ದು ಒಂದು ಸೆಲ್ಫಿ. ಅದರಲ್ಲಿ ನಾಲ್ವರು ಗೆಳತಿಯರ ಭುಜದ ಸಂದಿಯಲ್ಲಿ ಗೋಪುರದ ತುದಿಯ ಚಕ್ರ ಮಾತ್ರ ಕಾಣುತ್ತದೆ.

ಅಲ್ಲಿಂದ ಕೆಲಸದ ಕ್ರಮ ತಿರುಗಿತು. ಮೊದಲು ದಾಖಲೆ ಪುಸ್ತಕ, ಆಮೇಲೆ ಫೋಟೊ, ಎಲ್ಲಕ್ಕಿಂತ ಕೊನೆಗೆ ವೆಬ್‌ಸೈಟ್. ದಾಖಲೆ ಪುಸ್ತಕ ಎಂದರೆ ಉದ್ದನೆಯ ರೂಲ್ಡ್ ಬುಕ್ಕು. ಅದರ ನಕಲು ಗೂಗಲ್ ಶೀಟಿನಲ್ಲಿ. ಪ್ರತಿ ಕೃತಿಗೂ ಒಂದು ಕ್ರಮಸಂಖ್ಯೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು, ಕೃತಿ ನಾಶವಾದರೂ, ಇನ್ನೊಂದಕ್ಕೆ ಕೊಡುವಂತಿಲ್ಲ. ವಸ್ತುಸಂಗ್ರಹಾಲಯಗಳ ಹಳೆಯ ನಿಯಮ ಇದು. ಸಂಖ್ಯೆಯ ಮುಂದೆ ಕೃತಿಯ ಹೆಸರು, ಮಾಡಿದವರು, ವರ್ಷ, ಮಾಧ್ಯಮ, ಅಳತೆ, ಇರುವ ಜಾಗ, ಫೋಟೊ ತೆಗೆದವರು, ಅನುಮತಿ. ಗ್ರಂಥಾಲಯಗಳು ಬಳಸುವ ಡಬ್ಲಿನ್ ಕೋರ್ ಎಂಬ ಪದ್ಧತಿಯಲ್ಲಿ ಇಂಥ ಅಂಶಗಳು 15 ಇವೆ. 1995ರಲ್ಲಿ ಅಮೆರಿಕದ ಡಬ್ಲಿನ್ ಎಂಬ ಊರಿನಲ್ಲಿ ನಡೆದ ಸಭೆಯಿಂದ ಹುಟ್ಟಿದ ಪಟ್ಟಿಯಾದ್ದರಿಂದ ಆ ಹೆಸರು. ಐರ್ಲೆಂಡಿಗೂ ಅದಕ್ಕೂ ಸಂಬಂಧವಿಲ್ಲ. ಚಿಕ್ಕ ಕಾಲೇಜಿಗೆ ಹದಿನೈದೂ ಬೇಕಿಲ್ಲ. ಆದರೆ "ಗೊತ್ತಿಲ್ಲ" ಎಂದು ಬರೆಯಲು ಜಾಗವಿರಲೇಬೇಕು. ಖಾಲಿ ಬಿಟ್ಟ ಮನೆ ಎಂದರೆ ಯಾರೂ ಕೇಳಿಲ್ಲ ಎಂದು, "ಗೊತ್ತಿಲ್ಲ" ಎಂದರೆ ಕೇಳಿದರೂ ಸಿಗಲಿಲ್ಲ ಎಂದು ಅರ್ಥ. ಮುಂದಿನ ಬ್ಯಾಚಿನವರಿಗೆ ಈ ವ್ಯತ್ಯಾಸದಿಂದ ಎಷ್ಟೋ ಓಡಾಟ ಉಳಿಯುತ್ತದೆ.

ಫೋಟೊ ತೆಗೆಯಲು ಒಳ್ಳೆಯ ಮೊಬೈಲ್ ಸಾಕು. ಚಿತ್ರದ ಎದುರಿಗೆ ನೇರ ನಿಲ್ಲಬೇಕು; ಮೊಬೈಲ್ ಸ್ವಲ್ಪ ಓರೆಯಾದರೂ ಚೌಕ ಚಿತ್ರ ಮೊರದ ಆಕಾರ ತಾಳುತ್ತದೆ. ಫ್ಲ್ಯಾಶ್ ಬೇಡ. ಬಿಸಿಲು ನೇರ ಬೀಳದ ಬೆಳಗಿನ ಹೊತ್ತು ಗೋಡೆಚಿತ್ರಕ್ಕೆ ಒಳ್ಳೆಯದು. ಮಣ್ಣಿನ ಉಬ್ಬುಶಿಲ್ಪಕ್ಕೆ ಮಾತ್ರ ಪಕ್ಕದಿಂದ ಬೀಳುವ ಸಂಜೆ ಬಿಸಿಲೇ ಬೇಕು, ಇಲ್ಲದಿದ್ದರೆ ಉಬ್ಬು ತಗ್ಗು ಒಂದೂ ಕಾಣದು. ಗಾಜು ಹಾಕಿದ ಚಿತ್ರದಲ್ಲಿ ತೆಗೆಯುವವರ ಮುಖವೇ ಮೂಡುತ್ತದೆ. ಇಬ್ಬರು ಹಿಂದೆ ಕರಿ ಬಟ್ಟೆ ಹಿಡಿದು ನಿಂತರೆ ಆ ಕಾಟ ತಪ್ಪುತ್ತದೆ. ಒಂದು ಫೋಟೊದಲ್ಲಾದರೂ ಪಕ್ಕದಲ್ಲಿ ಅಳತೆಪಟ್ಟಿ ಇರಬೇಕು.

ಇವೆಲ್ಲ ಯಾವ ಪುಸ್ತಕದಲ್ಲೂ ಸಿಗುವ ಮಾತು. ಪುಸ್ತಕದಲ್ಲಿ ಇಲ್ಲದ ಪಾಠ ವಾಟ್ಸಾಪಿನದು. ತೆಗೆದ ಫೋಟೊಗಳನ್ನೆಲ್ಲ ವಾಟ್ಸಾಪ್ ಗುಂಪಿಗೆ ಹಾಕಿ ಅಲ್ಲಿಂದ ಇಳಿಸಿಕೊಳ್ಳುವುದು ಎಲ್ಲರಿಗೂ ರೂಢಿ. ಹಾಗೆ ಕಳಿಸಿದ ಫೋಟೊವನ್ನು ವಾಟ್ಸಾಪ್ ಕುಗ್ಗಿಸುತ್ತದೆ; ತೆಗೆದ ದಿನಾಂಕ, ಸಮಯದಂಥ ಒಳ ಮಾಹಿತಿಯೂ ಕಳಚಿಹೋಗುತ್ತದೆ. ಮೊಬೈಲಿನ ಪರದೆಯಲ್ಲಿ ಚೆನ್ನಾಗಿ ಕಂಡದ್ದು ಕಂಪ್ಯೂಟರಿನಲ್ಲಿ ಹಿಗ್ಗಿಸಿದಾಗ ಕಾಳುಕಾಳಾಗಿ ಒಡೆಯುತ್ತದೆ. ಗುಂಪು ಒಂದಿಡೀ ಕಟ್ಟಡವನ್ನು ಎರಡನೆಯ ಸಲ ಸುತ್ತಬೇಕಾಗಿ ಬಂದದ್ದು ಇದರಿಂದಲೇ. ಅಷ್ಟರಲ್ಲಿ ಕರಿಹಲಗೆಯ ಚಿತ್ರಗಳನ್ನು ಒರೆಸಿಯಾಗಿತ್ತು. ಡಾಕ್ಯುಮೆಂಟ್ ಎಂದು ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ. ಕೇಬಲ್ ಹಾಕಿ ನಕಲು ಮಾಡಿದರೆ ಇನ್ನೂ ಉತ್ತಮ. ಫೈಲಿಗೆ ದಾಖಲೆ ಪುಸ್ತಕದ ಸಂಖ್ಯೆಯನ್ನೇ ಹೆಸರಾಗಿ ಇಡುವ ಅಭ್ಯಾಸ ಅಂದೇ ಶುರುವಾಗಬೇಕು. "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಎಂಬ ಮೂರು ಫೋಲ್ಡರುಗಳಲ್ಲಿ ನಿಜವಾದದ್ದು ಯಾವುದೆಂದು ಮಾಡಿದವರಿಗೇ ತಿಳಿಯದು.

ಅತಿ ಹೆಚ್ಚು ಹೊತ್ತು ಹಿಡಿಯುವುದು ಚಿತ್ರದ ಕೆಳಗಿನ ಎರಡು ಸಾಲು. ಯಾರು ಮಾಡಿದ್ದು ಎಂಬ ಪ್ರಶ್ನೆಗೆ ಕಚೇರಿಯಲ್ಲಿ ಉತ್ತರ ಸಿಗುವುದಿಲ್ಲ. ಅಧ್ಯಾಪಕರು ವರ್ಗವಾಗಿ ಹೋಗಿರುತ್ತಾರೆ, ಪ್ರಾಂಶುಪಾಲರು ಹೊಸಬರು. ಉಳಿಯುವವರು ಅಟೆಂಡರ್, ಲೈಬ್ರರಿಯವರು, ಗೇಟಿನ ಎದುರು ಟೀ ಅಂಗಡಿಯವರು. ಹಜಾರದ ಒಂದು ದೊಡ್ಡ ಚಿತ್ರಕ್ಕೆ "ವಿದ್ಯಾರ್ಥಿಗಳ ರಚನೆ" ಎಂದು ಬರೆದಾಗಿತ್ತು. ಅದನ್ನು ಓದಿದ ಹಿರಿಯ ಅಟೆಂಡರ್ ನಕ್ಕರು. ಗೆರೆ ಹಾಕಿದ್ದು ಆಂಡರ್ಸನ್‌ಪೇಟೆಯ ಬೋರ್ಡ್ ಬರೆಯುವ ಪೇಂಟರಂತೆ, ಹುಡುಗರು ಬಣ್ಣ ತುಂಬಿದ್ದರಂತೆ. ಈಗ ಎರಡೂ ದಾಖಲಾಗಿವೆ. ಕಾಲೇಜುಗಳ ಕಲೆಯಲ್ಲಿ ಇಂಥ ಪೇಂಟರುಗಳ ಪಾಲು ದೊಡ್ಡದು. ಅವರ ಹೆಸರು ಎಲ್ಲೂ ಇರುವುದಿಲ್ಲ.

ಹೆಸರು ಬರೆಯುವುದೂ ಸುಲಭವಲ್ಲ. ಕೆಜಿಎಫ್‌ನಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಒಂದೇ ಬೆಂಚಿನಲ್ಲಿ ಕೂರುತ್ತವೆ. ತಮಿಳು ಮನೆತನಗಳಲ್ಲಿ ಇನಿಶಿಯಲ್ ಎಂದರೆ ಹೆಚ್ಚಾಗಿ ತಂದೆಯ ಹೆಸರಿನ ಮೊದಲ ಅಕ್ಷರ. ಅದನ್ನು ಊರಿನ ಹೆಸರೆಂದೋ ಮನೆತನದ ಹೆಸರೆಂದೋ ಬಿಡಿಸಿ ಬರೆದರೆ ತಪ್ಪಾಗುತ್ತದೆ. ಒಬ್ಬಳೇ ಹುಡುಗಿ ಹಾಜರಿ ಪುಸ್ತಕದಲ್ಲಿ ಸೆಲ್ವಿ, ಬಹುಮಾನದ ಪಟ್ಟಿಯಲ್ಲಿ ಶೆಲ್ವಿ, ಚಿತ್ರದ ಮೂಲೆಯಲ್ಲಿ ತಮಿಳಿನಲ್ಲಿ ಸಹಿ. ಇಂಥಲ್ಲಿ ಒಂದೇ ದಾರಿ, ಅವರನ್ನೇ ಕೇಳುವುದು. ಅವರು ಬರೆದುಕೊಟ್ಟ ರೂಪವೇ ಗ್ಯಾಲರಿಯ ರೂಪ. ಉಳಿದವನ್ನು ಹುಡುಕುವವರಿಗಾಗಿ ಒಳಗೆ ಸೇರಿಸಿಡಬಹುದು.

ಕನ್ನಡದ ಬರಹಕ್ಕೆ ಇನ್ನೊಂದು ತೊಡಕಿದೆ. ಡಿಟಿಪಿ ಅಂಗಡಿಯಲ್ಲೋ ಕಚೇರಿಯಲ್ಲೋ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಶೀರ್ಷಿಕೆಗಳನ್ನು ವೆಬ್ ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಆ ಫಾಂಟುಗಳು ಯೂನಿಕೋಡ್ ಅಲ್ಲ. ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿಕೊಂಡಿವೆ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಬ್ಬರು ಕೂತು ನೋಡಲೇಬೇಕು. ಯೂನಿಕೋಡಿನಲ್ಲಿ ಇಲ್ಲದ ಶೀರ್ಷಿಕೆ ಹುಡುಕಾಟಕ್ಕೆ ಸಿಗದು. ಫೋಟೊದಲ್ಲಿ ಏನಿದೆ ಎಂದು ಒಂದೆರಡು ವಾಕ್ಯದಲ್ಲಿ ವಿವರಿಸಿದ್ದರೆ, ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವ ಅಂಧ ಓದುಗರಿಗೂ ಗ್ಯಾಲರಿ ತೆರೆದುಕೊಳ್ಳುತ್ತದೆ.

ಅನುಮತಿಯ ವಿಷಯದಲ್ಲಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಒಂದೇ ತಪ್ಪು ಕಲ್ಪನೆ. ಚಿತ್ರ ಕಾಲೇಜಿನ ಗೋಡೆಯ ಮೇಲಿದೆ, ಆದ್ದರಿಂದ ಅದು ಕಾಲೇಜಿನದು ಎಂದುಕೊಳ್ಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ಗೋಡೆ ಒಬ್ಬರದು, ಚಿತ್ರದ ಹಕ್ಕು ಇನ್ನೊಬ್ಬರದು ಆಗಿರಬಹುದು. ವಿದ್ಯಾರ್ಥಿ ಕಾಲೇಜಿನ ನೌಕರನಲ್ಲವಾದ್ದರಿಂದ ಸಾಮಾನ್ಯವಾಗಿ ಮೊದಲ ಹಕ್ಕು ಅವನದೇ. ದುಡ್ಡು ಕೊಟ್ಟು ಬರೆಸಿದ ಚಿತ್ರದ ಲೆಕ್ಕ ಬೇರೆ. ಕಾಯ್ದೆಯ 52ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಸಾರ್ವಜನಿಕರು ಬಂದುಹೋಗುವ ಜಾಗದಲ್ಲಿ ಕಾಯಂ ಆಗಿರುವ ಶಿಲ್ಪದ ಫೋಟೊ ತೆಗೆದು ಪ್ರಕಟಿಸಬಹುದು, ಕಟ್ಟಡದ್ದೂ ಆಗಬಹುದು. ಆದರೆ ಗೋಡೆಯ ಮೇಲಿನ ವರ್ಣಚಿತ್ರಕ್ಕೆ ಈ ವಿನಾಯಿತಿ ಇಲ್ಲ. ಅಂದರೆ ಗೇಟಿನ ಬಳಿಯ ಪುತ್ಥಳಿಯ ಫೋಟೊಗೆ ಯಾರನ್ನೂ ಕೇಳಬೇಕಿಲ್ಲ, ಅದರ ಹಿಂದಿನ ಗೋಡೆಚಿತ್ರಕ್ಕೆ ಕೇಳಬೇಕು. ವಿಚಿತ್ರವೆನಿಸಿದರೂ ಕಾನೂನು ಇರುವುದು ಹೀಗೆ.

ಹಕ್ಕು ಕಲಾವಿದರ ಜೀವಮಾನವಿಡೀ, ತೀರಿಕೊಂಡ ಮರುವರ್ಷದಿಂದ ಇನ್ನೂ 60 ವರ್ಷ ಇರುತ್ತದೆ. ಮೊಶೇನಿ ತೀರಿಕೊಂಡದ್ದು 1905ರಲ್ಲಿ, ಅವರ ಚಿತ್ರಗಳ ಹಕ್ಕಿನ ಕಾಲ ಎಂದೋ ಮುಗಿದಿದೆ. 1965ರಲ್ಲಿ ತೀರಿಕೊಂಡ ಕೆ. ವೆಂಕಟಪ್ಪನವರ ಚಿತ್ರಗಳಿಗೆ ಅದು 2025ರ ಕೊನೆಯವರೆಗೆ ನಡೆಯಿತು. ಬೆಂಗಳೂರಿನಲ್ಲಿ ನೆಲೆಸಿದ್ದ ಸ್ವೆತೊಸ್ಲಾವ್ ರೋರಿಕ್ 1993ರಲ್ಲಿ ತೀರಿಕೊಂಡವರು, ಅವರದು 2053ರವರೆಗೆ. ಇನ್ನು ಇಪ್ಪತ್ತರ ಹರೆಯದ ವಿದ್ಯಾರ್ಥಿಯ ಗೋಡೆಚಿತ್ರದ ಹಕ್ಕು ಈ ಶತಮಾನವನ್ನೂ ದಾಟಬಹುದು.

ಹಕ್ಕು ಮಾರಿದ ಮೇಲೂ ಕಲಾವಿದರ ಬಳಿ ಉಳಿಯುವ ಕೆಲವು ಅಧಿಕಾರಗಳನ್ನು 57ನೇ ಕಲಂ ಹೇಳುತ್ತದೆ: ಕೃತಿ ತನ್ನದೆಂದು ಹೇಳಿಕೊಳ್ಳುವುದು, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ಕೆಡಿಸಿದರೆ ಪ್ರಶ್ನಿಸುವುದು. ಶಿಲ್ಪಿ ಅಮರ್‌ನಾಥ್ ಸೆಹಗಲ್ ದೆಹಲಿಯ ವಿಜ್ಞಾನ ಭವನದ ಗೋಡೆಗೆ ಮಾಡಿದ್ದ ಕಂಚಿನ ಉಬ್ಬುಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಯಿತು. ಅವರು ದಾವೆ ಹೂಡಿದರು. 2005ರಲ್ಲಿ ದೆಹಲಿ ಹೈಕೋರ್ಟ್, ಉಳಿದ ತುಂಡುಗಳನ್ನು ಅವರಿಗೆ ಮರಳಿಸಿ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಕೆನೆಬಣ್ಣದಡಿ ಹೋದ ಚಿತ್ರಕ್ಕಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಬಣ್ಣ ಹೊಡೆಸುವ ಮುನ್ನ ಒಂದು ವಾರದ ಮುನ್ಸೂಚನೆ ಕೊಟ್ಟರೆ ಫೋಟೊ ತೆಗೆದುಕೊಳ್ಳಬಹುದು. ಅಂಥದೊಂದು ಪತ್ರಕ್ಕೆ ಕಾಲೇಜು ಒಪ್ಪಿದ್ದೇ ಈ ಕೆಲಸದಿಂದ ದೊರೆತ ದೊಡ್ಡ ಫಲ.

ಅನುಮತಿ ಪತ್ರ ಒಂದು ಪುಟ ಮೀರಬಾರದು, ಸಹಿ ಮಾಡುವವರು ಓದಬಲ್ಲ ಭಾಷೆಯಲ್ಲಿರಬೇಕು. ಚಿತ್ರವನ್ನು ವಿಕಿಮೀಡಿಯ ಕಾಮನ್ಸ್‌ಗೆ ಏರಿಸುವುದಾದರೆ ಇನ್ನಷ್ಟು ಬಿಡಿಸಿ ಹೇಳಬೇಕು. 2004ರಲ್ಲಿ ಶುರುವಾದ ಆ ಭಂಡಾರ "ವ್ಯಾಪಾರಕ್ಕೆ ಬಳಸಬಾರದು" ಎಂಬ ಷರತ್ತನ್ನು ಒಪ್ಪುವುದಿಲ್ಲ. ಯಾರೋ ಆ ಚಿತ್ರವನ್ನು ಕ್ಯಾಲೆಂಡರ್ ಮಾಡಿ ಮಾರಿದರೂ, ಹೆಸರು ಹಾಕಿ ಪರವಾನಗಿಯ ಷರತ್ತು ಪಾಲಿಸಿದ್ದರೆ, ಕೇಳುವಂತಿಲ್ಲ. ಇದನ್ನು ತಿಳಿದ ಮೇಲೆ ಕೆಲವರು ಬೇಡವೆಂದರು. ಬೇಡವೆಂದವರ ಕೃತಿ ಕಾಲೇಜಿನ ಪುಟದಲ್ಲಿ ಮಾತ್ರ ಇರಲಿ ಎಂದು ಬಿಟ್ಟದ್ದು ಸರಿಯಾದ ತೀರ್ಮಾನ. ಹದಿನೆಂಟು ತುಂಬದ ಪಿಯು ವಿದ್ಯಾರ್ಥಿಗಳದಾದರೆ ಪೋಷಕರ ಸಹಿ ಬೇಕು.

ತಾಂತ್ರಿಕ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಮೆಕಾದಂಥ ಉಚಿತ ತಂತ್ರಾಂಶಗಳಿವೆ, ಬರೀ ಸಾದಾ ಪುಟಗಳಾದರೂ ನಡೆಯುತ್ತದೆ. ಗೂಗಲ್ ಡ್ರೈವಿನ ಉಚಿತ 15 ಜಿಬಿ ಬೇಗ ತುಂಬುತ್ತದೆ. ಮೂಲ ಫೋಟೊಗಳ ಒಂದು ಪ್ರತಿ ಲೈಬ್ರರಿಯ ಹಾರ್ಡ್ ಡಿಸ್ಕಿನಲ್ಲಿ ಇರಲೇಬೇಕು.

ಗ್ಯಾಲರಿಗಳು ಸಾಯುವುದು ತಂತ್ರಾಂಶ ಕೆಟ್ಟು ಅಲ್ಲ, ಪಾಸ್‌ವರ್ಡ್ ಇದ್ದವರು ಊರು ಬಿಟ್ಟು. ಪದವಿ ಮುಗಿಸಿದ ಕೆಜಿಎಫ್‌ನ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಬೆಳಕು ಹರಿಯುವ ಮುಂಚೆ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ ನಿಲ್ದಾಣಗಳಲ್ಲಿ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿನ ಕೆಲಸಕ್ಕೆ ಹೋಗಿ ರಾತ್ರಿ ಮರಳುವವರು. ಅಂಥವರ ಸ್ವಂತ ಇಮೇಲಿಗೆ ಕಟ್ಟಿಹಾಕಿದ ಪುಟ, ಅವರ ಜೇಬಿನಿಂದ ಕಟ್ಟಿದ ಡೊಮೈನ್ ಶುಲ್ಕ, ಎರಡನೆಯ ವರ್ಷಕ್ಕೇ ನಿಲ್ಲುತ್ತದೆ. ಖಾತೆ ಗ್ರಂಥಪಾಲಕರ ಹುದ್ದೆಯ ಹೆಸರಿನಲ್ಲಿ ಇರಬೇಕು. ಪ್ರತಿ ಜೂನಿನಲ್ಲಿ ಕೊನೆಯ ವರ್ಷದವರು ಎರಡನೆಯ ವರ್ಷದವರ ಜೊತೆ ಕೂತು, ದಾಖಲೆ ಪುಸ್ತಕ ಹಿಡಿದು ಆವರಣವನ್ನು ಒಂದು ಸುತ್ತು ಬರಬೇಕು. ಇಲ್ಲದ ಕೃತಿಯ ಮುಂದೆ ಯಾವ ತಿಂಗಳು ಹೋಯಿತೆಂದು ಬರೆಯಬೇಕು. ಆ ಪುಸ್ತಕದ ಮೊದಲ ಕ್ರಮಸಂಖ್ಯೆ ಶಾಫ್ಟಿನ ಗೋಪುರದ ಚಿತ್ರಕ್ಕೇ ಮೀಸಲು. ಫೋಟೊದ ಜಾಗದಲ್ಲಿ ಈಗಲೂ ಆ ಸೆಲ್ಫಿಯೇ ಇದೆ, ಗೆಳತಿಯರ ಒಪ್ಪಿಗೆ ಪಡೆದು, ಮುಖಗಳನ್ನು ಕತ್ತರಿಸಿ.

ಕೆಜಿಎಫ್ ಮತ್ತು ಬಂಗಾರಪೇಟೆಯ ಕಾಲೇಜುಗಳಲ್ಲಿ ಓದಿದವರ ಮನೆಗಳಲ್ಲಿ ವರ್ಷದ ಕೊನೆಯ ಗುಂಪು ಫೋಟೊಗಳಿರುತ್ತವೆ. ನಿಮ್ಮಲ್ಲೂ ಇದ್ದರೆ ಒಮ್ಮೆ ಮುಖಗಳನ್ನು ಬಿಟ್ಟು ಹಿಂದಿನ ಗೋಡೆಯನ್ನು ನೋಡಿ. ಅಲ್ಲಿ ಚಿತ್ರವೇನಾದರೂ ಕಂಡರೆ, ಫೋಟೊದ ಹಿಂಬದಿಗೆ ಪೆನ್ಸಿಲಿನಲ್ಲಿ ವರ್ಷವನ್ನೂ ಬಿಡಿಸಿದವರ ಹೆಸರನ್ನೂ ಬರೆದಿಡಿ.